ನಲವತ್ತಮೂರನೇ ತಾಯಿ

ಅಗಳಿಯ ಬಿತ್ತನೆ ಕೋಠಿಯಲ್ಲಿ ಬೆಳಿಗ್ಗೆ ಏಳಕ್ಕೇ
ರೆಕ್ಕೆಯ ಧೂಳು. ಮೂಗಿಗೆ ಸೆರಗು ಬಿಗಿದುಕೊಂಡು
ಮೆಹಬೂಬಿ ತಾಯಿಚಿಟ್ಟೆಗಳನ್ನು ಅರೆಯುತ್ತಾಳೆ,
ಒಂದೊಂದಕ್ಕೂ ಬೇರೆ ಒರಳು, ಬೊಗಸೆಗಿಂತ ಚಿಕ್ಕದು,
ಎರಡು ಹನಿ ಕ್ಷಾರದ ನೀರು.
ಗಾಜಿನ ಮೇಲೆ ಒಂದು ಹನಿ ಬಿಟ್ಟು ನಾನು ಕಣ್ಣಿಡುತ್ತೇನೆ.

ಹತ್ತೊಂಬತ್ತು ವರ್ಷದ ಕೆಲಸ.
ನನ್ನ ಎಡಗಣ್ಣು
ತೆರೆದೇ ಇದ್ದು ನೋಡದಿರುವುದನ್ನು ಕಲಿತಿದೆ.

ಬಹಳ ಸಲ ಏನೂ ಇರುವುದಿಲ್ಲ:
ಕೊಬ್ಬಿನ ಗುಳ್ಳೆ, ಹುರುಪೆ, ಮುರಿದ ರೋಮ.
ಇದ್ದರೆ ಮಾತ್ರ ತಪ್ಪುವುದಿಲ್ಲ.
ತೊಳೆದ ಎಳ್ಳಿನ ಹಾಗೆ, ನಿಂತಲ್ಲೇ ನಡುಗುತ್ತ,
ಅಂಚಿನಲ್ಲಿ ಹಸಿರು ಮಿಂಚು.
ಒಂದೇ ಒಂದು ಕೋಶ. ಊರಿನವರು ಗಂಟುರೋಗ ಅನ್ನುತ್ತಾರೆ.

ಅದರ ಕಥೆ ಹೇಳಿದವರು ಹಿಂದೂಪುರದಿಂದ ತಪಾಸಣೆಗೆ ಬರುತ್ತಿದ್ದ
ಓಬುಳಪತಿ ಸಾರು, ತೆಲುಗಿನಲ್ಲಿ, ಬೀಡಿ ಆರಿಸಿ.
ನಾನು ಕನ್ನಡದಲ್ಲಿ ಕೇಳಿಸಿಕೊಂಡೆ:

ಅದಕ್ಕೂ ಒಂದು ಕಾಲಕ್ಕೆ ಸ್ವಂತ ಒಲೆ ಇತ್ತಂತೆ.
ಯಾರದೋ ಹೊಟ್ಟೆ ಬೆಚ್ಚಗಿತ್ತು, ಸೊಪ್ಪು ಹೊತ್ತಿಗೆ ಸರಿಯಾಗಿ ಬರುತ್ತಿತ್ತು,
ಪಕ್ಕದ ಮನೆಯಲ್ಲಿ ಬೆಂಕಿ ಇರುವಾಗ ನಮಗ್ಯಾಕೆ ಅಂತ
ಊದುವುದು ಬಿಟ್ಟಿತು, ಆಮೇಲೆ ಒಲೆಯನ್ನೇ.
ಬೀಸುವ ಕಲ್ಲು ಹೋಯಿತು. ಕಣಜ ಹೋಯಿತು.
ಅಡುಗೆ ಕಲಿಸಿದ ಅಜ್ಜಿಯ ಮಾತೂ ಹೋಯಿತು.
ಈಗ ಉಳಿದದ್ದು ಒಂದು ಗಟ್ಟಿ ಸಿಪ್ಪೆ,
ಒಳಗೆ ಬಾವಿಹಗ್ಗ ಮಡಿಸಿಟ್ಟ ಹಾಗೆ ಸುತ್ತಿದ ದಾರ,
ತನಗಿಂತ ಇಪ್ಪತ್ತೈದು ಪಟ್ಟು ಉದ್ದ.

ಸೊಪ್ಪಿನ ಮೇಲೋ ತಟ್ಟೆಯ ಸಂದಿನಲ್ಲೋ ಬಿದ್ದು ಕಾಯುತ್ತದೆ,
ಚಾಕಿ ಹುಳುವಿನ ಬಾಯಿ ಬರುವ ತನಕ.
ನುಂಗಿದ ಮೇಲೂ ಅವಸರವಿಲ್ಲ.
ಸೀಗೆನೀರಲ್ಲ, ಸೋಪಿನ ನೀರಿನಂಥದ್ದು ಆ ಕರುಳು;
ಎಷ್ಟೋ ಜೀವ ಅದರಲ್ಲಿ ಬೆಂದು ಹೋಗುತ್ತವೆ.
ಇದಕ್ಕೆ ಮಾತ್ರ ಅದೇ ಕದ ತಟ್ಟಿದ ಸದ್ದು.
ಹಗ್ಗ ಚಿಮ್ಮುತ್ತದೆ, ಕರುಳಿನ ಗೋಡೆ ತೂರುತ್ತದೆ,
ಹಗ್ಗದ ಟೊಳ್ಳಿನಲ್ಲಿ ಇಡೀ ಜೀವ ಜಾರಿ
ಆಚೆ ಮನೆ ಸೇರುತ್ತದೆ.
ಸಿಪ್ಪೆ ಇಲ್ಲೇ, ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ.

ಬೇಗ ಕೊಲ್ಲುವುದಿಲ್ಲ, ಅದೇ ಜಾಣತನ, ಅಂದರು ಸಾರು.
ತಲೆಯೇ ಇಲ್ಲದ್ದಕ್ಕೆ ಜಾಣತನ ಎಲ್ಲಿಂದ?
ಅವಸರಪಟ್ಟವು ಕೊಂದ ಹುಳುವಿನ ಜೊತೆಗೇ ಹೋದವು,
ತಾಳಿದವು ಉಳಿದವು. ಇಷ್ಟೇ ನನ್ನ ಲೆಕ್ಕ.
ನಾಲ್ಕು ಜ್ವರ ದಾಟಲು ಬಿಡುತ್ತದೆ,
ಚಂದ್ರಿಕೆ ಹತ್ತಲು, ಗೂಡು ಕಟ್ಟಲು,
ಬಾಯಿದ್ದೂ ಉಣ್ಣದ ಚಿಟ್ಟೆಯಾಗಲು ಬಿಡುತ್ತದೆ.
ಅಷ್ಟರಲ್ಲಿ ಕರುಳಿನಿಂದ ಅಂಡಾಶಯಕ್ಕೆ ದಾರಿ ಮಾಡಿಕೊಂಡು
ವಿಧಿ ಬರೆಯಲು ಬರುವ ಮುಂಚೆಯೇ
ಮಗುವಿನ ಹಣೆಯಲ್ಲಿ ಕೂತಿರುತ್ತದೆ.

ಇವತ್ತು ರೊಳ್ಳದ ಪುಟ್ಟಸಿದ್ದಮ್ಮನ ಗೂಡು.
ನಲವತ್ತೆರಡು ತಾಯಂದಿರು ಶುದ್ಧ.
ಮುಂದಿನದರಲ್ಲಿ ಮೂರು ಎಳ್ಳು.
ಗಾಜು ಸರಿಸಿದೆ. ಮತ್ತೆರಡು.
‘ಇನ್ನೊಂದು ಸಲ ನೋಡಕ್ಕ’ ಅಂದಳು ಮೆಹಬೂಬಿ,
ನಾನು ಏನೂ ಹೇಳಿರಲಿಲ್ಲ, ನನ್ನ ಕತ್ತು ನೋಡಿಯೇ.
ನೋಡಿದೆ.

ರಿಜಿಸ್ಟರಿನಲ್ಲಿ ನಲಭೈ ಮೂಡು ಎಂದು ಬರೆದೆ,
ಅಕ್ಷರ ಹೆಚ್ಚೂಕಡಿಮೆ ನಮ್ಮವೇ, ತಲೆಕಟ್ಟು ಬೇರೆ.
ಒಂದು ತಾಯಿ ಕೆಟ್ಟರೆ ಇಡೀ ತಂಡ ಸುಡಬೇಕು.
ಹಾಳೆ ತುಂಬ ನವಣೆ ಚೆಲ್ಲಿದಂತೆ ಮೊಟ್ಟೆ,
ತಾಯಿಗೊಂದು ವೃತ್ತ, ವೃತ್ತಕ್ಕೆ ನಾನೂರು, ಐನೂರು.
ಹಿತ್ತಲ ಗುಂಡಿಯಲ್ಲಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದೆ.
ಒಲೆ ಬಿಟ್ಟು ಬಂದದ್ದಕ್ಕೆ
ಬೆಂಕಿ ಕೊಟ್ಟವಳು ನಾನಾದೆ.
ಚಟಪಟ ಸದ್ದು, ಸಾಸಿವೆ ಒಗ್ಗರಣೆಯ ಹಾಗೆ. ಹಸಿವಾಯಿತು, ನಾಚಿಕೆಯೂ.

ಮಧ್ಯಾಹ್ನದ ಬಸ್ಸಿಗೆ ಪುಟ್ಟಸಿದ್ದಮ್ಮ ಬಂದಳು,
ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಹೇಳದೆಯೇ ಕಾಲದ್ದಿ.
ನಿಂತೇ ಕೇಳಿಸಿಕೊಂಡಳು.
‘ಚೆನ್ನಾಗೇ ಉಂಡಿದ್ವಲ್ಲಮ್ಮ ಹುಳ,
ರಾತ್ರಿಯೆಲ್ಲ ಮಳೆ ಬಿದ್ದಂಗೆ ಸದ್ದು.’

ಉಂಡಿದ್ವು ಕಣಮ್ಮ, ಅಂದೆ.
ಎರಡೂ ಉಂಡಿದ್ವು.