ನಸುಕಿನ ಸೀಸೆ

ಬೆಟಗೇರಿಯಿಂದ ಆರೂವರಿ ಬಸ್ಸಿಗೆ
ತುಳಜಾಸಾ ಬಾಕಳೆ ತಂದಾನ
ಐಸು ತುಂಬಿದ ಟಿಫಿನ್ ಡಬ್ಬಿಯೊಳಗ
ಮುಂಜಾನಿಯ ಮೊದಲ ಉಚ್ಚಿ.
ಸೀಸೆಗೆ ಸೀರಿ ಪ್ಯಾಕಿನ ಪ್ಲಾಸ್ಟಿಕ್ಕು,
ಅದಕ್ಕೊಂದು ರಬ್ಬರು, ಮ್ಯಾಲ ಇನ್ನೊಂದು ರಬ್ಬರು.
“ಬಾಜೂಕ ಕುಂತ ಅಕ್ಕಾರು ಕೇಳಿದ್ರು,
ಏನ್ರಿ ಅದು, ಮಜ್ಜಿಗೀನ?
ಹೂಂ ಅಂದೆ” ಅಂತ ನಗತಾನ.

ನಾ ನಗಲಿಲ್ಲ. ಗಡಿಯಾರ ನೋಡಿದೆ.
ಹೊತ್ತಾದ್ರ ಒಳಗಿನವು ಕರಗತಾವ.

ಹುಬ್ಬಳ್ಳಿಯ ಈ ದವಾಖಾನಿಯ ನೆಲಮಾಳಿಗಿ.
ಹನ್ನೊಂದು ವರ್ಷದಿಂದ ನನ್ನ ಕುರ್ಚಿ ಇಲ್ಲೇ.
ನನ್ನ ಮೂಗಿಗೆ ರೂಢಿ ಆಗೇತಿ, ನಮ್ಮತ್ತಿಗೆ ಆಗಿಲ್ಲ;
ಮಂದಿಗೆ ಹೇಳೂಮುಂದ
“ಲ್ಯಾಬಿನ್ಯಾಗ ಅದಾಳ” ಅಷ್ಟ ಅಂತಾಳ,
ಯಾವುದರ ಲ್ಯಾಬು ಅಂತ ಅನ್ನಂಗಿಲ್ಲ.

ಯಂತ್ರಕ್ಕ ಹಾಕಿ ತಿರುಗಿಸಿದೆ. ಗುಂಯ್.
ತಿಳಿ ಬಸಿದು ಚೆಲ್ಲಿದ ಮ್ಯಾಲ
ತಳದಾಗ ಉಳೀತು ಚಿಟಿಕಿಯಷ್ಟು ಮಬ್ಬು.
ಬಣ್ಣ ಕುಡಿಸಿ, ಗಾಜಿನ ಪಟ್ಟಿಗೆ ಹಚ್ಚಿ,
ಕತ್ತಲಿ ಖೋಲಿಯಾಗ ಕಣ್ಣು ಊರಿದೆ.

ಜರಡಿ ಅಂತಾರ ಪುಸ್ತಕದಾಗ ಕಿಡ್ನಿಗೆ.
ನನಗ ಹಂಗ ಕಂಡಿಲ್ಲ ಯಾವತ್ತೂ.
ರಕ್ತದ ಸಣ್ಣ ನಳಿಗಿಯ ಸುತ್ತ
ಒಂದು ಕೋಶ ಕುಂತು ಕಾಲು ಚಾಚತೈತಿ,
ಆ ಬೆರಳಿನ ಸಂದಿಗೆ ಬಾಜೂದ್ದು ತನ್ನ ಬೆರಳು ಇಡತೈತಿ,
ಹಿಂಗ ಹೆಣಕೊಂಡು ನೀರು ಬಿಡತಾವ, ಸಾರ ಹಿಡೀತಾವ.
ಕಾಲುಳ್ಳ ಕೋಶ; ಹೆಸರಿನ್ಯಾಗೂ ಕಾಲೇ.
ಒಂದು ಹೋದ್ರ ಅದರ ಜಾಗಾಕ್ಕ ಇನ್ನೊಂದು
ಸುಮ್ಮಸುಮ್ಮನ ಹುಟ್ಟಂಗಿಲ್ಲ.
ಉಳಿದವು ಬೆರಳು ಅಗಲಿಸಿ ಖಾಲಿ ಮುಚ್ಚತಾವ,
ದಣೀತಾವ,
ಒಂದಿನ ಅವೂ ಕಾಲು ಕೀಳತಾವ.
ಹದಿನಾಲ್ಕು ವರ್ಷದ ಸಕ್ಕರಿ ಮಾಡೂ ಕೆಲಸ ಇದು.

ಹಸರು ಹೊಳೀತು. ಒಂದು.
ಎರಡು. ಅಂಚಿನ್ಯಾಗ ಮೂರನೇದ್ದು,
ಅರ್ಧ ಮುದುಡಿದ್ದು. ಲೆಕ್ಕಕ್ಕ ಹಿಡೀಲೋ ಬ್ಯಾಡೋ?
ಹಿಡದೆ.
ಒಂಬತ್ತಕ್ಕ ನಿಂತೆ. ಮೊದಲಿಂದ ಎಣಿಸಿದೆ.
ಒಂಬತ್ತ.

ಪಟ್ಟಿ ಅದ್ದಿದಾಗ ಬಣ್ಣ ತಿರುಗಿದ್ದಿಲ್ಲ.
ಕ್ರಿಯೇಟಿನಿನ್ ಹದದಾಗ ಐತಿ,
ಗದಗಿನ ಡಾಕ್ಟರು ಅದರ ಮುಂದ
ಸಮಾಧಾನದ ಒಂದು ಗೆರಿ ಎಳದಾರ.
ಮಾರಿ ಊದಿಲ್ಲ. ಚಪ್ಪಲಿ ಬಿಗಿ ಆಗಿಲ್ಲ.

“ತೋರಸ್ರಿ ನನಗೂ” ಅಂದ.
ತೋರಸಬಾರದು. ಸ್ಟೂಲು ಸರಿಸಿ ಕೊಟ್ಟೆ.
ಎಡಗಣ್ಣು ಮುಚ್ಚಿ, ಉಸುರು ಹಿಡದು ಬಗ್ಗಿದ;
ನಲವತ್ತು ವರ್ಷ ಗಾಜು ಹಿಡದು
ಇಂಚಿಗೆಷ್ಟು ಎಳಿ ಅಂತ ಎಣಿಸಿದ ಕಣ್ಣು,
ಕಲಿಸೋದು ಬೇಕಾಗಲಿಲ್ಲ.

“ಇವು ನನ್ನವ?”
“ನಿಮ್ಮವ.”
“ಫಣಿ ಬಡಿಯೋ ಸಪ್ಪಳದಾಗೂ
ಹಾಸಿನ ಎಳಿ ಹರದದ್ದು ನನಗ ಕೇಳತೈತಿ ಬಾಯಿ.
ಇದು ಕೇಳಲಿಲ್ಲ ನೋಡ್ರಿ.”
ಸ್ವಲ್ಪ ತಡದು,
“ಹರದ ಎಳಿ ಹೊಸೀತೇವಿ. ಇದನ್ನ?”
“ಹೊಸಿಯಾಕ ಬರಂಗಿಲ್ಲ.
ಉಳಿದವನ್ನ ಹಿಡಕೋಬೌದು. ಡಾಕ್ಟರು ಹೇಳತಾರ.”

“ತ್ರಾಸೇ ಇಲ್ಲದಾಗ
ಯಾಕ ಹುಡುಕತೀರಿ ನೀವು?”
ಸಿಟ್ಟಿಲ್ಲ ಆ ದನಿಯಾಗ. ಅದಕ್ಕ ಉತ್ತರಾನೂ ಸಿಗಲಿಲ್ಲ.

ಅಚ್ಚಾದ ಫಾರಮಿನ್ಯಾಗ ಸಕ್ಕರಿಗೊಂದು ಮನಿ,
ಕೀವಿನ ಕೋಶಕ್ಕೊಂದು ಮನಿ, ಬಣ್ಣಕ್ಕ, ವಾಸನಿಗೂ.
ಇವಕ್ಕ ಇಲ್ಲ.
ಅಂಚಿನ ಬಿಳಿ ಜಾಗಾದಾಗ ಪೆನ್ನಿನಿಂದ
ಒಂಬತ್ತು ಅಂತ ಬರದು, ಸುತ್ತ ಗೋಲ ಹಾಕಿದೆ.
ಮತ್ತ ಗೋಲ ಜಾಸ್ತಿ ಆತೇನೋ ಅನಿಸ್ತು.

ಬಾಗಲದ ತನಕ ಹೋದಾಂವ ತಿರುಗಿ ಬಂದ.
“ಡಬ್ಬಿ ಕೊಡ್ರಿ. ಮನಿಯಾಕಿದು.
ಇದರಾಗ ಏನ ತಂದೆ ಅಂತ ಅಕಿಗೆ ಹೇಳಿಲ್ಲ.”
ಐಸಿನ ನೀರು ಬೇಸಿನ್ನಿಗೆ ಚೆಲ್ಲಿ,
ಸೋಪು ಹಚ್ಚಿ, ಎರಡು ಸಲ ತಿಕ್ಕಿ ಕೊಟ್ಟೆ.
ಮೂಸಿ ನೋಡಿದ.