ಒಂದಕ್ಕೆ ನೂರೈವತ್ತು

ಮಂಗಳವಾರ ಬಾಜಿ ಅಂಗಡಿಯ ಬಾಗಿಲು ತೆಗೆದಾಗ
ಹೊರಗೆ ಮೀನಿನ ಲಾರಿ, ಅದರ ಹಿಂದೆ ಕಿನ್ನಿಯರ್,
ಟೋಪಿಯಂಚಿಗೆ ಉಪ್ಪುಗಾಳಿಯ ಬಿಳುಪು.
ಮೂವತ್ತೆಂಟು ವರ್ಷ ಗಾಲ್ಫ್ ಮೈದಾನದ ಹುಲ್ಲು ಕತ್ತರಿಸಿದ ಕೈ
ಜೇಬಿನಲ್ಲಿ ಬೆಚ್ಚಗಾಗಿದ್ದ ಹತ್ತು ಪೌಂಡನ್ನು
ಗಾಜಿನ ಕಿಂಡಿಯೊಳಗೆ ತಳ್ಳಿತು.
"ಲೂಕೆ" ಅಂದ. "ಐದು ಗೆಲುವಿಗೆ, ಐದು ಸ್ಥಾನಕ್ಕೆ."

ಪರದೆಯ ಮೇಲೆ ಹುಡುಕಿದೆ. ಮೇಲಿನ ಸಾಲುಗಳಲ್ಲಿಲ್ಲ,
ನಡುವೆಯೂ ಇಲ್ಲ. ಕೆಳಗೆ, ಇನ್ನೂ ಕೆಳಗೆ,
ಎರ್ಮಿನಿಯೋ ಲೂಕೆ, ಒಂದಕ್ಕೆ ನೂರೈವತ್ತು.
ಹಿಂದಿನ ಆರು ಟೂರ್ನಿಗಳಲ್ಲಿ ಆರರಲ್ಲೂ
ಶುಕ್ರವಾರ ಸಂಜೆಗೇ ಗಂಟುಮೂಟೆ ಕಟ್ಟಿದವನು.

"ಗೆಲ್ತಾನಾ?" ಕೇಳಿದೆ. ಕೇಳಬಾರದು, ಕೆಲಸದ ನಿಯಮ.
"ಗೆಲ್ಲೋದು ಯಾರಿಗೆ ಬೇಕು?
ಅರವತ್ತು ಅಂತ ಬರೆದಿದ್ರೆ ತಿರುಗಿ ಹೋಗ್ತಿದ್ದೆ.
ಆಳು ಅದೇ. ಬೆಲೆ ತಪ್ಪು.
ಇವತ್ತಿನ ಹ್ಯಾಡಕ್‌ಗೆ ಮೊನ್ನೆಯ ಚೀಟಿ ಅಂಟಿಸಿದ್ದಾರೆ."

ಸೋಮವಾರ ಸಂಜೆ ಕಲ್ಲುಗೋಡೆಯ ಮೇಲೆ ಕೂತು ನೋಡಿದ್ದನಂತೆ:
ಉಳಿದವರ ಚೆಂಡು ಮುಗಿಲಿಗೇರಿ
ಗಾಳಿಗೆ ಲೆಕ್ಕ ಒಪ್ಪಿಸಿ ಬರುತ್ತಿತ್ತು.
ಇವನದು ನೆಲದ ಮಗ್ಗುಲಲ್ಲೇ
ಬೇಲಿಯಡಿ ನುಸುಳುವ ಬೆಕ್ಕಿನ ಹಾಗೆ.
ಪ್ಯಾಟಗೋನಿಯಾದವನು. ಅಲ್ಲಿ ಮರಗಳೂ ಬಾಗಿಯೇ ಹುಟ್ಟುತ್ತವಂತೆ.
"ಬೆಲೆ ಕಟ್ಟೋರು ಅವನನ್ನ ಫ್ಲಾರಿಡಾದ ಬಿಸಿಲಲ್ಲಿ ತೂಗಿದ್ದಾರೆ.
ನಮ್ಮ ಗಾಳೀನ ತಕ್ಕಡಿಗೆ ಹಾಕೋದು ಮರೆತರು."

ಗುರುವಾರ ಗಾಳಿಯೇ ಇಲ್ಲ. ಸಮುದ್ರ ಹಾಸಿದ ತಗಡು.
ಲೂಕೆ ಎಪ್ಪತ್ನಾಲ್ಕು ಹೊಡೆತ. ಕಿನ್ನಿಯರ್ ಈ ಕಡೆ ಸುಳಿಯಲಿಲ್ಲ.
ಶುಕ್ರವಾರ ಮಧ್ಯಾಹ್ನ ಬಾವುಟಗಳೆಲ್ಲ
ಒಟ್ಟಿಗೇ ಬೈಯತೊಡಗಿದವು.
ಶನಿವಾರ, ಒಂದಕ್ಕೆ ಎಂಟು, ಒಂದಕ್ಕೆ ಹನ್ನೆರಡು,
ಎಂಥೆಂಥ ಹೆಸರುಗಳು ಮರಳುಗುಂಡಿಯಲ್ಲಿ ಮೊಣಕಾಲೂರಿದವು.

ಭಾನುವಾರ. ಕೊನೆಯ ಗುಳಿಗೆ ಆರಡಿ.
ಬಿದ್ದರೆ ಎಂಟನೆಯ ಸ್ಥಾನದಲ್ಲಿ ಅವನೊಬ್ಬನೇ,
ನಾವು ಹಣ ಕೊಡುವುದು ಎಂಟನೆಯವರೆಗೆ.
ಟೀವಿ ಮುಂದೆ ಮೂವರು: ಕಿನ್ನಿಯರ್, ನಾನು,
ನೆಲ ಒರೆಸುವುದು ನಿಲ್ಲಿಸಿದ ದನೂತಾ.
ಪರದೆ ಎಳೆದ ಗೆರೆ ನೇರವಾಗಿತ್ತು.
"ಎಡಕ್ಕೆ ಎಳೆಯುತ್ತೆ" ಅಂದ ಕಿನ್ನಿಯರ್,
ನಮಗಲ್ಲ, ಗಾಜಿನಾಚೆಯ ಹುಡುಗನಿಗೆ.

ಚೆಂಡು ಹೋಯಿತು, ಹೋಯಿತು, ಗುಳಿಯ ತುಟಿಗೆ ಬಂದು
ಏನೋ ಮರೆತು ಬಂದವರಂತೆ
ಎಡಕ್ಕೆ ಹೊರಳಿತು.

ದನೂತಾ ತನ್ನ ಭಾಷೆಯಲ್ಲಿ ಏನೋ ಅಂದಳು.
ಆತ ಬಹಳ ಹೊತ್ತು ಕೈ ನೋಡಿಕೊಂಡ.
"ಎಂಬತ್ತಾರರ ಮಾರ್ಚು. ಮಂಜು ಕಚ್ಚಿದ ನೆಲ.
ಬೆರಳು ಮರಗಟ್ಟಿತ್ತು, ಮನೆಗೆ ಹೋಗೋ ಆತುರ.
ಒಂದು ಹುಲ್ಲುಪಟ್ಟಿ ಸರಿಯಾಗಿ ಕೂರಲಿಲ್ಲ,
ಕಾಲಲ್ಲಿ ತುಳಿದು ಬಿಟ್ಟೆ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಐವರದು ಒಂದೇ ಅಂಕ, ಉಳಿದದ್ದು ಒಂದೇ ಸ್ಥಾನ.
ಸ್ಥಾನಕ್ಕಿಟ್ಟ ಐದು ಪೌಂಡನ್ನು ನಿಯಮ ಐದಾಗಿ ಸೀಳಿತು.
ಒಂದಕ್ಕೆ ಮೂವತ್ತು, ಹಾಕಿದ ಆ ಒಂದೂ ಸೇರಿ
ಮೂವತ್ತೊಂದು ಎಣಿಸಿ ಕೊಟ್ಟೆ.
ಬಿದ್ದಿದ್ದರೆ ನೂರೈವತ್ತೈದು, ಅದನ್ನು ಬಾಯಿಬಿಡಲಿಲ್ಲ.
ಅವನು ಲೆಕ್ಕ ಹಾಕುತ್ತಿದ್ದದ್ದು ಬೇರೆ:
"ಪಾಪ, ಆ ಹುಡುಗನಿಗೆ ಎಷ್ಟು ಕೈ ತಪ್ಪಿತೋ."
ಬಾಗಿಲ ತನಕ ಹೋಗಿ ತಿರುಗಿ ನಿಂತ:
"ಬೆಲೆ ಮಾತ್ರ ತಪ್ಪೇ ಇತ್ತು, ಹೇಳಿದ್ದೆನಲ್ಲ."

ಸೋಮವಾರ ಕೆಲಸಕ್ಕೆ ಹೋಗುವ ಕಾಲುದಾರಿಯಲ್ಲಿ
ಹಗ್ಗ ಬಿಚ್ಚಿದ್ದರು, ಗ್ಯಾಲರಿ ಕಳಚುತ್ತಿದ್ದರು.
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಹದಿನೆಂಟರ ಗುಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು
ಹುಲ್ಲಿನ ಮೇಲೆ ಅಂಗೈ ಆಡಿಸಿದೆ.
ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ.
ತಣ್ಣಗಿತ್ತು, ಒದ್ದೆಯಾಗಿತ್ತು.
ನನ್ನ ಕೈಗೆ ಸಪಾಟಾಗಿಯೇ ಇತ್ತು.