ಕಂಡಿಕೆ ಮೂರು

ಮಂಡ್ಯ ಕೋರ್ಟಿನ ಎದುರು, ಹೊಂಗೆಯ ಬುಡದಲ್ಲಿ
ನನ್ನ ಮೇಜು. ಮೂರು ಕಾಲು ಮರದ್ದು,
ನಾಲ್ಕನೆಯದು ಸೈಜುಗಲ್ಲು.
ನಾನು ವಕೀಲನಲ್ಲ, ವಕೀಲರು ಹೇಳಿದ್ದನ್ನು ಹೊಡೆಯುವವನು.
ಆದರೂ ಮೂವತ್ತೊಂದು ವರ್ಷ ಬೆರಳು ತೇದವನಿಗೆ
ಒಂದಿಷ್ಟು ಕಾನೂನು ಉಗುರಿಗೂ ಹತ್ತಿರುತ್ತದೆ.

ಕೀಲಾರದ ಸುಕನ್ಯ ಬಂದಳು, ಸಂತೆಚೀಲದ ತುಂಬ ಕಾಗದ,
ಮದುವೆಯ ಆಲ್ಬಂ ಬೇರೆ.
ಆಲ್ಬಂ ಬ್ಯಾಡ ಕಣವ್ವ, ಒಂದು ಫೋಟೊ ಸಾಕು,
ತಾಳಿ ಕಟ್ಟೋದು ಕಾಣ್ಬೇಕು ಅಷ್ಟೆ.
ಸ್ಕೂಲ್ ಫೀಜಿನ ರಸೀದಿ ಎಲ್ಲಿ? ಮಗೀನ ಆಸ್ಪತ್ರೆ ಚೀಟಿ?
ಹೊಲಿಗೇಲಿ ಬರೋ ಕಾಸು ಮುಚ್ಚಿಡಬ್ಯಾಡ,
ಇಬ್ಬರ ಆದಾಯವೂ ಪ್ರಮಾಣಪತ್ರಕ್ಕೆ ಬರಬೇಕು,
ಒಂದು ಸುಳ್ಳು ಸಿಕ್ಕರೆ ಹತ್ತು ನಿಜ ಹುಳಿಯಾಗ್ತವೆ.
ತೀರ್ಪು ತಡ. ಮಧ್ಯಂತರ ಜೀವನಾಂಶ ಕೇಳಿ ಅಂತ
ನಿಮ್ಮ ಮೇಡಂಗೆ ನೆನಪಿಸು,
ಹಸಿವು ವಾಯಿದೆ ತಗೊಳ್ಳಲ್ಲ.

"ಯಾವ ಕಲಮಣ್ಣ?"
ಮುಂಚೆ ನೂರಿಪ್ಪತ್ತೈದು. ಈಗ ನೂರನಲವತ್ತನಾಲ್ಕು.
"ಅದು ಗುಂಪು ಸೇರಬಾರ್ದು ಅನ್ನೋದಲ್ವ?"
ಕಾವೇರಿ ಗಲಾಟೆ ಕಂಡ ಊರು, ಅವಳಿಗೂ ಆ ಸಂಖ್ಯೆ ಗೊತ್ತು.
ಹೊಸ ಪುಸ್ತಕದಲ್ಲಿ ಅದೇ ಅನ್ನದ ಕಲಮು, ಅಂದೆ.
ನಕ್ಕಳು. ಆ ದಿನದ ಒಂದೇ ನಗು.

ಮೇಜಿನ ಕೆಳಗೆ ಮಗು, ಆರು ವರ್ಷ,
ಹೊಂಗೆಕಾಯಿ ಎಣಿಸುತ್ತಿತ್ತು.
ಪಕ್ಕದ ಬೋರಯ್ಯ ಯಾರದೋ ಭಾಗದ ಕೇಸು
ಗಟ್ಟಿಯಾಗಿ ಓದಿ ತಾಳೆ ನೋಡುತ್ತಿದ್ದ:
"ದಾವೆಯ ಮೌಲ್ಯ..."
ಮಗು ತಟ್ಟನೆ ಎದ್ದು, ಹಲಗೆಗೆ ನೆತ್ತಿ ಬಡಿದುಕೊಂಡು,
"ಆ?" ಅಂದಿತು.
ಅವಳ ಹೆಸರು ಮೌಲ್ಯ.
ನನ್ನ ಪರದೆಯ ಮೇಲೆ ಅವಳು
ಸದರಿ ಅಪ್ರಾಪ್ತ ವಯಸ್ಕಳು.

ಹದಿನೆಂಟು ದಿನಕ್ಕೆ ಚೆಲುವರಾಜು.
ಗೆಜ್ಜಲಗೆರೆ ಡೈರಿಯ ಟ್ಯಾಂಕರು ಓಡಿಸುವವನು,
ಅಂಗಿಯಲ್ಲಿ ಒಡೆದ ಹಾಲಿನ ವಾಸನೆ,
ಜೇಬಿನಲ್ಲಿ ನಾಲ್ಕು ಮಡಿಕೆಯ ಅರ್ಜಿ ಪ್ರತಿ.
ಅದು ನಾನೇ ಹೊಡೆದದ್ದೆಂದು ಹೇಳಲಿಲ್ಲ.
ಅವನ ವಕೀಲರು ಹೇಳುತ್ತ ಹೋದರು:
ಕಂಡಿಕೆ ನಾಲ್ಕು ಶುದ್ಧ ಸುಳ್ಳು. ಐದು ಕಟ್ಟುಕಥೆ.
ಆರರಿಂದ ಹನ್ನೊಂದು, ಅರ್ಜಿದಾರಳೇ ರುಜುವಾತುಪಡಿಸತಕ್ಕದ್ದು.
ಹೇಳಿ ಟೀಗೆ ಎದ್ದರು.

ಅವನು ಬಗ್ಗಿ ಕೇಳಿದ, ಕದ್ದವನ ಹಾಗೆ:
"ಮಗೀನ ನನ್ ಕೈಗೆ ಕೊಟ್ಟಾರಾ?"
ಕೊಡೋದು ಬುಡೋದಕ್ಕೆ ಅದು ಪಾತ್ರೆಯಲ್ಲ ರಾಜು.
ನೀನು ಗೆದ್ದೆಯೋ ಅವಳೋ ಅಂತ ನೋಡಲ್ಲ ಅವರು,
ಮಗೀಗೆ ಎಲ್ಲಿ ಒಳ್ಳೇದು ಅಂತ ನೋಡ್ತಾರೆ.
ಭೇಟಿ ಕೇಳು. ಭಾನುವಾರ ಕೇಳು, ದಸರಾ ರಜದಲ್ಲಿ ಅರ್ಧ ಕೇಳು.
ದುಡ್ಡು ಬ್ಯಾಂಕಿಗೇ ಹಾಕು, ಕೈಗೆ ಕೊಟ್ಟದ್ದಕ್ಕೆ ಬಾಯಿಲ್ಲ.
ತೋರಿಸಲಿಲ್ಲ ಅನ್ನೋ ಸಿಟ್ಟಿಗೆ ತಟ್ಟೆ ಎಳೀಬ್ಯಾಡ.
ಇನ್ನೊಂದು. ಸ್ಕೂಲ್ ಗೇಟಲ್ಲಿ ನಿಂತು
"ಯಾರು ಬೇಕು ನಿಂಗೆ" ಅಂತ ಕೇಳಬ್ಯಾಡ.
ಆರು ವರ್ಷಕ್ಕೆ ಆ ಪ್ರಶ್ನೆಗೆ ಉತ್ತರ ಬರಲ್ಲ,
ಜ್ವರ ಬರ್ತದೆ.

ಸುಮ್ಮನಿದ್ದ.
ಆಗ ಕಂಡೆ, ಒಂದು ಕಂಡಿಕೆ ಬಿಟ್ಟೇಹೋಗಿತ್ತು.
ಮೂರಕ್ಕೆ ಏನು ಹೊಡೀಲಿ?
"ಓದಿ," ಅಂದ.
ಸದರಿ ದಾಂಪತ್ಯದಲ್ಲಿ ಮಂಡ್ಯದ ಜಿಲ್ಲಾ ಆಸ್ಪತ್ರೆಯಲ್ಲಿ
ಒಂದು ಹೆಣ್ಣು ಮಗು ಜನಿಸಿರುತ್ತದೆ.
"ಹೂಂ. ರಾತ್ರಿ ಎರಡೂಕಾಲು.
ಬಿಸಿನೀರಿಗೆ ಫ್ಲಾಸ್ಕ್ ಹಿಡ್ಕೊಂಡು ಗೇಟಿಗೆ ಓಡಿದ್ದೆ,
ವಾಪಸ್ ಬರೋಷ್ಟರಲ್ಲಿ ಹುಟ್ಬುಟ್ಟಿತ್ತು.
ಅದನ್ನೂ ಹಾಕಿ."

ಹಾಕೋಕಾಗಲ್ಲ ಅಂದೆ.
ತಕರಾರಿನಲ್ಲಿ ಫ್ಲಾಸ್ಕಿಗೆ ಜಾಗವಿಲ್ಲ.
ಹೊಡೆದೆ: ಕಂಡಿಕೆ ಮೂರು ನಿಜ, ಒಪ್ಪಲಾಗಿದೆ.

"ಎಷ್ಟು ಪ್ರತಿ?"
ಮೂರು. ಒಂದು ಅವಳಿಗೆ ಹೋಗ್ತದೆ.
ಸ್ವಲ್ಪ ಹೊತ್ತು ಪ್ರಿಂಟರನ್ನೇ ನೋಡಿದ.
"ಅವಳದ್ರಲ್ಲಿ ಆ ಸಾಲು ಎದ್ದು ಕಾಣಂಗೆ ಆಗ್ತದಾ?"

ಟೋನರು ಮುಗಿಯುತ್ತ ಬಂದಿತ್ತು.
ತೆಗೆದು, ಎರಡು ಸಲ ಅಲ್ಲಾಡಿಸಿ, ಮತ್ತೆ ಹಾಕಿದೆ.